ಕಾಗೆ ಒಪ್ಪಿದ ಹಿಮಪ್ರವಾಸ

ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ತಮ್ಮ ತಮ್ಮ ಬಸ್ಸು ಹಿಡಿದಿದ್ದರು. ಪೆಂಡಾಲಿನವನು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಹೋಗಿದ್ದ. ಬೆಳಿಗ್ಗೆ ಹಾಲು ಬಂತು, ನಳಕ್ಕೆ ನೀರು ಬಂತು, ಎದುರು ಮನೆಯ ಮಿಕ್ಸರ್ ಗುರುಗುಟ್ಟಿತು. ಕಲ್ಲೇಶ ಸತ್ತ ಮೇಲೆ ರಾಣೆಬೆನ್ನೂರಿನ ಆ ಓಣಿಗೆ ಬಂದ ಮೊದಲ ಮಾಮೂಲಿ ಬೆಳಗು ಅದು. ಅವನ ಹೆಂಡತಿ ಕಾವ್ಯಾ ಚಹಕ್ಕಿಟ್ಟು ಪಡಸಾಲೆಗೆ ಬಂದರೆ, ಮಾವ ತಿರಕಪ್ಪ ಮೊಬೈಲಿನ ದನಿಯನ್ನು ಪೂರ್ತಿ ಏರಿಸಿಕೊಂಡು, ಕಾಲಿಗೆ ಹಲಗೆ ಕಟ್ಟಿಕೊಂಡ ಜನ ಹಿಮದ ಗುಡ್ಡದಿಂದ ಜಾರುವುದನ್ನು ನೋಡುತ್ತ ಕುಳಿತಿದ್ದ. ಪಕ್ಕದಲ್ಲಿ ಅವನ ಅಕ್ಕ ಭರಮವ್ವ, ಯಾರಾದರೂ ಮುಗ್ಗರಿಸಿದಾಗಲೆಲ್ಲ ಶಿವ ಶಿವ ಎನ್ನುತ್ತಿದ್ದಳು.

ಮಗ ಸತ್ತ ಮನೆಯಲ್ಲಿ ಇದೆಂಥ ಆಟ ಎಂದು ಯಾರೂ ಕೇಳುವಂತಿರಲಿಲ್ಲ. ಅದು ಆಟವಾಗಿರಲಿಲ್ಲ, ಕಾರ್ಯವಾಗಿತ್ತು. ಕಾವ್ಯಾಳ ಮಗಳು ಗಂಗೂಳನ್ನು ಮನಾಲಿಗೆ ಕರೆದುಕೊಂಡು ಹೋಗಿ ಹಿಮದ ಮೇಲೆ ಜಾರಿಸಬೇಕೆಂದು ಗೊತ್ತಾಗಿತ್ತು. ಗಂಗೂಳಿಗೆ ವರ್ಷ ತುಂಬಿ ಬಹಳ ದಿನವಾಗಿರಲಿಲ್ಲ. ಗೋಡೆ ಹಿಡಿದು ನಡೆಯುತ್ತಿದ್ದಳು, ಗೋಡೆ ಮುಗಿದಲ್ಲಿ ಕುಳಿತುಬಿಡುತ್ತಿದ್ದಳು. ಇಂಥ ಕೂಸಿಗೆ ಸ್ಕೀಯಿಂಗ್ ಗೊತ್ತು ಮಾಡಿದವರು ಯಾರು ಎಂದರೆ, ಒಂದು ಕಾಗೆ.

ಬೇರು ಮಾತ್ರ ಕಲ್ಲೇಶನ ಜಂಬದಲ್ಲಿತ್ತು. ಅವನು ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್ ಆಗಿದ್ದ. ಅದೇ ಕಂಪನಿಯಲ್ಲಿ ಹಾವೇರಿ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಗಿರಿಯಪ್ಪ ದೀಪಾವಳಿಯ ಹೊತ್ತಿಗೆ ತನ್ನ ಸ್ಟೇಟಸ್ಸಿಗೆ ಒಂದು ಫೋಟೋ ಹಾಕಿದ. ಕಾಲಲ್ಲಿ ಸ್ಕೀ, ಕಣ್ಣಿಗೆ ಕಪ್ಪು ಕನ್ನಡಕ, ಸುತ್ತೆಲ್ಲ ಬೆಳ್ಳನೆಯ ಹಿಮ. ಮರುದಿನ ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ಜನ ಗಿರಿಯಪ್ಪನನ್ನು ಮುತ್ತಿಕೊಂಡಾಗ ಕಲ್ಲೇಶನಿಗೆ ತಡೆಯಲಾಗಲಿಲ್ಲ. ಒಬ್ಬನೇ ಹೋಗಿ ಬರುವುದರಲ್ಲಿ ಏನು ದೊಡ್ಡಸ್ತಿಕೆ, ತಾನು ಹೆಂಡತಿ ಮಗಳ ಸಮೇತ ಹೋಗುವವನಿದ್ದೇನೆ, ಮಗಳೇ ಸ್ಕೀ ಮಾಡುತ್ತಾಳೆ ಎಂದುಬಿಟ್ಟ. ಮಾತು ಬಾಯಿಂದ ಬಿದ್ದಾಗ ಸ್ಕೀ ಎಂಬುದು ಕಾಲಿಗೆ ಕಟ್ಟುವುದೋ ಕೈಯಲ್ಲಿ ಹಿಡಿಯುವುದೋ ಅವನಿಗೆ ಪಕ್ಕಾ ಗೊತ್ತಿರಲಿಲ್ಲ. ಸಂಜೆ ಬಂದು ಕಾವ್ಯಾಳನ್ನು ಕೇಳಿದ. ಅವಳು ಧಾರವಾಡದಲ್ಲಿ ಎಂ.ಎ. ಮಾಡಿದವಳು. ಓದಿದ್ದು ಇತಿಹಾಸವಾದರೂ ಅವಳಿಗೆ ಎಲ್ಲವೂ ಗೊತ್ತಿರಬೇಕೆಂದು ಅವನ ನಂಬಿಕೆ.

ಆಮೇಲೆ ಹಿಂದೆ ಸರಿಯುವಂತಿರಲಿಲ್ಲ. ತಯಾರಿ ಶುರುವಾಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳನ್ನು ಥಂಡಿಯಲ್ಲಿಡುವ ಒಂದು ಕೋಲ್ಡ್ ಸ್ಟೋರೇಜ್ ಇತ್ತು. ಅಲ್ಲಿಯ ಹಮಾಲರ ಮೇಲೆ ಮುಖಂಡನಾಗಿದ್ದ ಖಲಂದರ ಅವನ ಗೆಳೆಯ. ಒಳಗೆ ಹೋಗುವವರಿಗೆಂದು ಕೊಟ್ಟಿದ್ದ ದಪ್ಪ ಕೋಟುಗಳಲ್ಲಿ ಒಂದನ್ನು, ಅದೂ ಖಲಂದರನದನ್ನೇ, ಎಂಟು ದಿನಕ್ಕೆಂದು ಹೇಳಿ ಕಲ್ಲೇಶ ತಂದ. ನೀಲಿ ಕೋಟು, ಬೆನ್ನ ಮೇಲೆ ಅಂಗೈಯಗಲದ ಬಿಳಿ ಅಂಕಿ, ನಾಲ್ಕು. ಹಿಮಕ್ಕೆ ಹೋಗುವ ಮೊದಲು ಮೈಗೆ ಅದರ ರೂಢಿ ಬೇಕೆಂದು ರಾಣೆಬೆನ್ನೂರಿನ ಬಿಸಿಲಲ್ಲಿ ಅದನ್ನು ಹಾಕಿಕೊಂಡೇ ಬೈಕ್ ಓಡಿಸಿದ. ಇದರಿಂದ ರೂಢಿಯಾಗುತ್ತಿರುವುದು ಸೆಕೆಯೇ ಹೊರತು ಥಂಡಿಯಲ್ಲ ಎಂಬುದು ಅವನ ಗಮನಕ್ಕೆ ಬರಲಿಲ್ಲ. ಹಳ್ಳಿಯ ರೈತರು ಅವನನ್ನು ಕರೆಂಟಿನವನೆಂದು ತಿಳಿದು ಟ್ರಾನ್ಸ್‌ಫಾರ್ಮರಿನ ತಕರಾರು ಹೇಳಿಕೊಂಡರು. ಅವನು ಅವನ್ನೆಲ್ಲ ಬರೆದುಕೊಂಡು, ನೋಡೋಣ ಎಂದು ಹೇಳಿ ಬಂದ.

ದಿನಾ ಬೆಳಿಗ್ಗೆ ಗಂಗೂಳನ್ನು ಆ ಕೋಟಿನೊಳಗೆ ಸೇರಿಸಿಕೊಂಡು ಓಣಿಯ ತುದಿಯವರೆಗೆ ಒಂದು ಸುತ್ತು ಹೊಡೆದು, ತಿರುಗಿ ಕಾವ್ಯಾಳ ಕೈಗೆ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದ. ದೂರವಾಗುವ ಆ ನಾಲ್ಕನ್ನು ನೋಡುತ್ತ ಗಂಗೂ ಬೆರಳು ಬಿಚ್ಚಿ ಮುಚ್ಚಿ ಟಾಟಾ ಮಾಡುತ್ತಿದ್ದಳು. ಎಂಟು ದಿನ ಎರಡು ತಿಂಗಳಾಯಿತು.

ಒಂದು ಮಧ್ಯಾಹ್ನ ಹತ್ತಿಯ ಹೊಲದ ಬದುವಿನ ಮೇಲೆ ನಿಂತವನು ಕುಳಿತ. ಕುಳಿತವನು ಏಳಲಿಲ್ಲ. ಕೋಟು ಆವತ್ತು ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಯಲ್ಲಿತ್ತು.

ಮೂರನೆಯ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗಕ್ಕೆ ಹಾಲು ತುಪ್ಪ ಬಿಟ್ಟು, ಹೋದವನಿಗೆ ಸೇರುತ್ತಿದ್ದ ತಿನಿಸನ್ನು ಎಲೆಯ ಮೇಲಿಟ್ಟು ದೂರ ನಿಂತು ಕಾಯಬೇಕು. ಕಾಗೆ ಮುಟ್ಟಿದರೆ ಅವನಿಗೆ ಸಮಾಧಾನ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಎಲೆಯ ಮೇಲೆ ಗಿರ್ಮಿಟ್ ಇತ್ತು, ಮೆಣಸಿನಕಾಯಿ ಬಜಿ ಇತ್ತು, ಅಪ್ಪನಿಗೆ ಗೊತ್ತಿಲ್ಲವೆಂದು ಕಲ್ಲೇಶ ಕೊನೆಯವರೆಗೂ ನಂಬಿದ್ದ ಸಿಗರೇಟನ್ನು ತಿರಕಪ್ಪನೇ ತಂದಿಟ್ಟಿದ್ದ. ಬೇವಿನ ಮರದ ಮೇಲೆ ಕುಳಿತಿದ್ದ ಕಾಗೆ ಎಲ್ಲವನ್ನೂ ಒಮ್ಮೆ ಪರಿಶೀಲಿಸಿ ಕತ್ತು ಆಚೆ ತಿರುಗಿಸಿತು.

ಬಿಸಿಲು ಏರಿತು. ಬೈಕು ಮಾರುವುದಿಲ್ಲ ಎಂದು ತಿರಕಪ್ಪ ಹೇಳಿದ. ಕಾಗೆ ಕೇಳಿಸಿಕೊಳ್ಳಲಿಲ್ಲ. ತಿರಕಪ್ಪನ ತಮ್ಮ ಶಂಭುಲಿಂಗ, ಬದುವಿನ ಸಲುವಾಗಿ ಹಾವೇರಿ ಕೋರ್ಟಿನಲ್ಲಿ ಅಣ್ಣನ ಮೇಲೆ ನಡೆಸುತ್ತಿದ್ದ ಕೇಸನ್ನು ವಾಪಸ್ ತೆಗೆದುಕೊಳ್ಳುತ್ತೇನೆಂದು ಅಳುತ್ತ ಹೇಳಿದ. ಕಾಗೆ ಕೊಕ್ಕಿನಿಂದ ಬೆನ್ನು ಕೆರೆದುಕೊಂಡಿತು. ಶಂಭುಲಿಂಗ ಕಣ್ಣೊರೆಸಿಕೊಂಡು, ಅವನಿಗೇ ಬೇಡವಾದ ಮೇಲೆ ಕೇಸು ನಡೆಯಲಿ ಬಿಡ್ರಿ ಎಂದು ನೆರಳಿಗೆ ಸರಿದ. ಕಾಗೆ ಮುಟ್ಟದೆ ಯಾರೂ ಮನೆಗೆ ಹೋಗಿ ಉಣ್ಣುವಂತಿಲ್ಲ. ಎಲ್ಲರ ಹೊಟ್ಟೆಯೂ ಕಾಗೆಯ ಕಡೆ ನೋಡತೊಡಗಿದಾಗ ಭರಮವ್ವ ಮುಂದೆ ಬಂದು ಸೆರಗೊಡ್ಡಿದಳು.

"ಕಲ್ಲೇಶಾ, ನಿನ್ನ ಕೂಸಿನ್ನ ಹಿಮಕ್ಕ ಕರಕೊಂಡ ಹೋಗ್ತೇವಿ. ಕಾಲಿಗೆ ಹಲಗಿ ಕಟ್ಟಿ ಜಾರಸ್ತೇವಿ. ಇನ್ನಾರ ಮುಟ್ಟಪಾ."

ಕಾಗೆ ಇಳಿದು ಬಂದು ಬಜಿ ಕಚ್ಚಿಕೊಂಡು ಹೋಯಿತು.

ಅದೇ ಹೊತ್ತಿಗೆ ಗುಂಪಿನ ಹಿಂದೆ ಇನ್ನೊಂದು ಸಂಗತಿ ನಡೆದಿತ್ತು. ಗಂಡನಿಗೆ ಹೇಳಲು ಕಾವ್ಯಾಳಿಗೆ ಒಂದು ಮಾತೂ ಹೊಳೆದಿರಲಿಲ್ಲ. ಬಹಳ ಹೊತ್ತಿನ ಮೇಲೆ ಹೊಳೆದದ್ದು ಇಷ್ಟೇ: ಆ ಕೋಟು ವಾಪಸ್ ಕೊಡಬೇಕು. ಕೊಡ್ತೇನಿ, ಎಂದು ತುಟಿಯೊಳಗೆ ಅಂದಳು. ಅಂದ ಕೂಡಲೇ ಕಾಗೆ ಇಳಿದಿತ್ತು. ಇದನ್ನು ಯಾರಿಗೆ ಹೇಳುವುದು? ಕಾಗೆ ಕೇಳಿದ್ದು ನಿಮ್ಮ ಮಾತಲ್ಲ, ನನ್ನದು ಎಂದು ಎಂ.ಎ. ಓದಿದವಳು ಗೋರಿಯ ಮುಂದೆ ಜಗಳಕ್ಕೆ ನಿಲ್ಲುವುದೇ? ಸುಮ್ಮನಾದಳು. ಹೇಗೂ ಅವಳು ಆ ದಿನಗಳಲ್ಲಿ ಅಳುತ್ತಲೂ ಇರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಏನು ಕೇಳಿದರೂ ಹೂಂ ಎನ್ನುತ್ತಿದ್ದಳು. ಮನೆಯವರು ಆ ಹೂಂ ಅನ್ನು ಒಪ್ಪಿಗೆಯೆಂದು ಹಿಡಿದು ಮುಂದೆ ಸಾಗುತ್ತಿದ್ದರು.

ಹೀಗೆ ಸತ್ತವನ ತಲೆಯಲ್ಲಿ ಇನ್ನೂ ಜಂಬವಾಗಿಯೇ ಇದ್ದದ್ದು ಬದುಕಿದ್ದವರ ಕೈಯಲ್ಲಿ ಏರ್ಪಾಡಾಗತೊಡಗಿತು. ತಿರಕಪ್ಪ ಕುಮಾರಪಟ್ಟಣದ ಕಾರ್ಖಾನೆಯ ಕಟ್ಟಿಗೆ ಯಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಲಗೆಯ ಭಾಗ ತನಗೆ ಬಿಡಬೇಕೆಂದ. ಮಲಗಿದ್ದ ಗಂಗೂಳ ಅಂಗಾಲಿನ ಅಳತೆ ತೆಗೆದುಕೊಂಡು ಬಡಿಗ ಗುಡದಪ್ಪನಿಗೆ ಕೊಟ್ಟ. ಗುಡದಪ್ಪ ಸಂಜೆಗೆ ಎರಡು ಚೆಂದದ ಸಾಗವಾನಿ ಹಲಗೆ ತಂದ. ಎರಡಕ್ಕೂ ಗಾಲಿ ಇದ್ದವು. ಗಾಲಿ ಬೇಡವೆಂದು ತಿರಕಪ್ಪ ಎಷ್ಟು ಹೇಳಿದರೂ, ಗಾಲಿ ಇಲ್ಲದ್ದನ್ನು ಕೂಸಿಗೆ ಕೊಟ್ಟವರು ತಮ್ಮ ಮನೆತನದಲ್ಲೇ ಇಲ್ಲವೆಂದು ಗುಡದಪ್ಪ ಹಟ ಹಿಡಿದ. ಸಾವಿನ ಮನೆಯಲ್ಲಿ ವಾದ ಬೇಡವೆಂದು ಕೊನೆಗೆ ತೆಗೆದುಕೊಟ್ಟ, ಆದರೆ ಗಾಲಿಗಳನ್ನು ಒಂದು ಚೀಲದಲ್ಲಿ ಹಾಕಿ, ಅಲ್ಲಿ ಹೋದ ಮೇಲೆ ಬೇಕಾಗುತ್ತವೆ ಎಂದು ಎಚ್ಚರಿಸಿ ಹೋದ.

ಕಾಗೆಗೆ ಕೊಟ್ಟ ಮಾತು ಅಮಾವಾಸ್ಯೆ ದಾಟಬಾರದೆಂದು ಭರಮವ್ವ ವಿಧಿಸಿದಳು. ಅಮಾವಾಸ್ಯೆ ಮುಂದಿನ ವಾರವೇ ಇತ್ತು. ಯಾರು ಯಾರು ಹೋಗುವುದು ಎಂಬ ಮಾತು ಬಂತು. ಗಂಡನ ಕಾರ್ಯ ಪೂರ್ತಿ ಮುಗಿಯುವ ತನಕ ಹೆಂಡತಿ ಹೊಳೆ ದಾಟಬಾರದು ಎಂದು ಭರಮವ್ವ ನೆನಪಿಸಿದಳು. ಮನಾಲಿಗೆ ಹೊಳೆ ಅಡ್ಡ ಬರುತ್ತವೆಯೇ ಎಂದು ತಿರಕಪ್ಪ ಮೊಬೈಲಿನಲ್ಲಿ ನಕಾಶೆ ತೆಗೆದ. ವರದಾ, ಮಲಪ್ರಭಾ, ಕೃಷ್ಣಾ, ಭೀಮಾ, ಗೋದಾವರಿ, ನರ್ಮದಾ ಎಂದು ಒಂದೊಂದಾಗಿ ಬೆರಳು ಸರಿಸುತ್ತ ಯಮುನೆಗೆ ಮುಟ್ಟುವಷ್ಟರಲ್ಲಿ ಕಾವ್ಯಾಳ ಹೆಸರು ಬಿಟ್ಟುಹೋಗಿತ್ತು. ಕೂಸನ್ನು ಅಜ್ಜನೂ ಅಜ್ಜನ ಅಕ್ಕನೂ ಒಯ್ಯುವುದೆಂದು ತೀರ್ಮಾನವಾಯಿತು. ಕಾವ್ಯಾಳನ್ನು ಕೇಳಿದರು. ಅವಳು ಹೂಂ ಎಂದಳು. ಕೈಯಲ್ಲಿದ್ದ ಚಹದ ಬಟ್ಟಲನ್ನು ಕುಡಿಯದೆ ಕೆಳಗಿಟ್ಟಳು.

ಹಿಮ ಕಂಡವನ ಸಲಹೆ ಬೇಕಲ್ಲ. ಗಿರಿಯಪ್ಪನಿಗೆ ಹೇಳಿಕಳಿಸಿದರು. ಅವನು ಗೆಳೆಯನ ಮನೆಯೆಂದು ಮುಖ ಸಣ್ಣ ಮಾಡಿಕೊಂಡು ಬಂದ. ವಿಷಯ ಕೇಳಿದ ಮೇಲೆ ಇನ್ನೂ ಸಣ್ಣದಾಯಿತು. ಅಲ್ಲಿ ಎಷ್ಟು ಥಂಡಿ, ಹಲಗೆ ಹೇಗೆ ಕಟ್ಟುತ್ತಾರೆ, ಬಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತಾರೆ ಎಂದು ತಿರಕಪ್ಪ ಕೇಳುತ್ತ ಹೋದ. ಗಿರಿಯಪ್ಪ, ಥಂಡಿ ಭಾಳ ಇರತೈತ್ರಿ, ಹಗ್ಗದಿಂದ ಕಟ್ತಾರ್ರಿ, ಕೆಳಗ ಹೋಗಿ ನಿಲ್ತಾರ್ರಿ ಎಂದು ಒಂದೊಂದಕ್ಕೂ ಉತ್ತರ ಕೊಟ್ಟ. ಆಮೇಲೆ ಮೂಲೆಯಲ್ಲಿ ಗೋಡೆ ಹಿಡಿದು ನಿಂತಿದ್ದ ಗಂಗೂ ಅವನ ಕಣ್ಣಿಗೆ ಬಿದ್ದಳು. ಹೇಗಾದರೂ ಇದನ್ನು ತಪ್ಪಿಸಬೇಕೆಂದು ಅವನು ಒಂದು ಸುಳ್ಳು ಹುಡುಕಿ ತೆಗೆದ.

"ಕಾಕಾ, ಮೊಲಿಹಾಲ ಕುಡಿಯೋ ಕೂಸಿನ್ನ ಆ ಗುಡ್ಡಕ್ಕ ಬಿಡಂಗಿಲ್ಲ. ಅಲ್ಲಿ ರೂಲ್ ಐತಿ."

ಗಿರಿಯಪ್ಪ ಉಸಿರು ಬಿಟ್ಟು ಕುರ್ಚಿಗೆ ಒರಗಿದ.

"ರೂಲ್ ಅಂದಮ್ಯಾಲ ಆತು," ಎಂದಳು ಭರಮವ್ವ. "ನಾಳಿಂದ ಹಾಲ ಬಿಡಸೂದು."

ಗಿರಿಯಪ್ಪ ಕುರ್ಚಿಯ ತುದಿಗೆ ಬಂದ. ಮೊದಲಿನ ಸುಳ್ಳನ್ನು ಉಳಿಸಿಕೊಳ್ಳಲು ಎರಡನೆಯದನ್ನು ಹೇಳಿದ. ಕೂಸು ಹಿಮ ತಡೆಯುತ್ತದೆ ಎಂದು ಸರ್ಕಾರಿ ಡಾಕ್ಟರರ ಸರ್ಟಿಫಿಕೇಟೂ ಬೇಕು, ಅದು ಸಿಗುವುದು ಬಹಳ ಕಷ್ಟ ಎಂದ. ಜೀವಮಾನವೆಲ್ಲ ಕಷ್ಟದ ಸರ್ಟಿಫಿಕೇಟುಗಳನ್ನು ತಂದವನು ತಿರಕಪ್ಪ. ಹುರುಪಿನಿಂದ ಎದ್ದು, ನಾಡಿದ್ದೇ ಹಾವೇರಿಗೆ ಹೋಗೋಣ, ನೀನೂ ಬಾ ಎಂದ.

ಸಂಜೆಗೆ ಭರಮವ್ವ ಬೇವಿನ ಎಲೆ ಅರೆದು ಬಟ್ಟಲಲ್ಲಿಟ್ಟಳು. ಬೆಳಿಗ್ಗೆ ಎದ್ದವಳೇ ಎದೆಗೆ ಹಚ್ಚಿಕೋ, ಎರಡು ಸಲ ಕಹಿಯಾದರೆ ಕೂಸು ತಾನೇ ಬಿಡುತ್ತದೆ ಎಂದು ಕಾವ್ಯಾಳಿಗೆ ಹೇಳಿದಳು. ಕಾವ್ಯಾ ಹೂಂ ಎಂದಳು. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯ ನಜ್ಮಾ ರೊಟ್ಟಿ ಪಲ್ಯ ತಂದವಳು ಬಟ್ಟಲನ್ನು ನೋಡಿದ್ದೇ, ತನ್ನ ಮೊಡವೆಗೆ ಇದೇ ಬೇಕಾಗಿತ್ತು ಎಂದು ಎತ್ತಿಕೊಂಡು ಹೋದಳು. ಬೆಳಿಗ್ಗೆ ಅವಳು ಮುಖವೆಲ್ಲ ಹಸಿರು ಬಳಿದುಕೊಂಡು ಕಂಪೌಂಡಿನಲ್ಲಿ ನಿಂತು ಭರಮವ್ವನ ಯೋಗಕ್ಷೇಮ ವಿಚಾರಿಸಿದಳು. ಭರಮವ್ವ ಏನೂ ಅನ್ನುವಂತಿರಲಿಲ್ಲ. ಆದರೆ ಓಣಿಯಲ್ಲಿ ಬೇವಿನ ಮರಗಳಿಗೆ ಕೊರತೆಯೂ ಇರಲಿಲ್ಲ. ಎರಡನೆಯ ಬಟ್ಟಲು ತಯಾರಾಗಿ ದೇವರ ಮಾಡದಲ್ಲಿ ಕುಳಿತಿತು, ಹಾವೇರಿಯಿಂದ ಬಂದ ಮೇಲೆ ಶುರು ಮಾಡುವುದೆಂದು.

ನಜ್ಮಾ ಬಟ್ಟೆ ಒಣಹಾಕುವ ನೆವದಲ್ಲಿ ಕಾವ್ಯಾಳ ಹತ್ತಿರ ಬಂದಳು. ಹಸಿರು ಮುಖದಲ್ಲಿ ಕಣ್ಣುಗಳು ಮಾತ್ರ ಕಾಣುತ್ತಿದ್ದವು.

"ಹೂಂ ಅನ್ನೂದ ಬಿಡಬೇ, ಕಾವ್ಯಾ. ನೀ ಹಿಂಗ ಹೂಂ ಅನಕೋತ ಕುಂತರ ಕೂಸು ರೈಲ ಹತ್ತತೈತಿ."

ಕಾವ್ಯಾ ಹೂಂ ಎಂದಳು.

ಹಾವೇರಿಗೆ ಅವಳನ್ನೂ ಕರೆದುಕೊಂಡು ಹೋಗಬೇಕಾಯಿತು. ಕೂಸು ಇನ್ನೂ ಹಾಲು ಬಿಟ್ಟಿರಲಿಲ್ಲ, ಹಾವೇರಿ ಹೊಳೆಯ ಆಚೆಯೂ ಇರಲಿಲ್ಲ. ಹೊರಡುವಾಗ ತಿರಕಪ್ಪ ಡಾಕ್ಟರರಿಗೆ ತಯಾರಿ ಕಾಣಲಿ ಎಂದು ಬಾಗಿಲ ಹಿಂದಿನ ಮೊಳೆಯಿಂದ ನೀಲಿ ಕೋಟು ತೆಗೆದು ಹಾಕಿಕೊಂಡ. ಕಾವ್ಯಾ ನೋಡಿದಳು. ಕೊಡುತ್ತೇನೆಂದು ಕಾಗೆಗೆ ಹೇಳಿದ್ದರೂ ಆ ಮೊಳೆಗೆ ಅವಳ ಕೈ ಹೋಗಿರಲಿಲ್ಲ. ಕಾಲರಿನಲ್ಲಿ ಕಲ್ಲೇಶನ ಬೆವರು, ತೋಳಿನಲ್ಲಿ ಬ್ಯಾಡಗಿಯ ಘಾಟು ಇನ್ನೂ ಇದ್ದವು. ಬಾಗಿಲು ಮುಚ್ಚಿಕೊಂಡರೆ ಕೋಣೆಯಲ್ಲಿ ಇನ್ನೊಬ್ಬರು ಗೋಡೆಗೆ ಮುಖ ಮಾಡಿ ನಿಂತಂತೆ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಜನ ನೋಡಿ ದಣಿದಿದ್ದರು. ಇವರನ್ನು ನೋಡಿದರು, ಕೂಸನ್ನು ನೋಡಿದರು, ಮೇಜಿನ ಮೇಲೆ ತಿರಕಪ್ಪ ಇಟ್ಟ ಸಾಗವಾನಿ ಹಲಗೆಗಳನ್ನು ನೋಡಿದರು. ಕೂಸಿಗೆ ಏನಾಗಿದೆ ಎಂದು ಕೇಳಿದರು. ಏನೂ ಆಗಿಲ್ಲ, ಇನ್ನು ಮೇಲೆ ಹಿಮದಲ್ಲಿ ಜಾರುವುದಿದೆ, ಅದಕ್ಕೆ ಸರ್ಟಿಫಿಕೇಟು ಎಂದ ತಿರಕಪ್ಪ. ನಿಮ್ಮಲ್ಲಿ ಯಾರಾದರೂ ಹಿಮ ನೋಡಿದ್ದೀರಾ ಎಂದು ಡಾಕ್ಟರು ಕೇಳಿದಾಗ ಎಲ್ಲರೂ ಗಿರಿಯಪ್ಪನ ಕಡೆ ನೋಡಿದರು. ಗಿರಿಯಪ್ಪ ಗೋಡೆಯ ಮೇಲಿನ ಲಸಿಕೆಯ ಪಟವನ್ನು ನೋಡುತ್ತಿದ್ದ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಮೊದಲ ನೀವು ದೊಡ್ಡವ್ರು ಎಲ್ಲ್ಯಾರ ಬರ್ಫದಂಗಡ್ಯಾಗ ಒಂದ ತಾಸ ನಿಂತ ಬರ್ರಿ. ಆಮ್ಯಾಲ ಕೂಸಿನ ಮಾತ ಆಡೂಣು."

ಡಾಕ್ಟರು ಹೇಳಿದ್ದು ಬೈಗುಳವಾಗಿತ್ತು. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದೆಲ್ಲ ಔಷಧಿ ಎಂದೇ ನಂಬಿದ ಮನೆತನ ಅದು. ತಿರಕಪ್ಪ ಕೈ ಮುಗಿದು ಹೊರಗೆ ಬಂದು, ಇದು ಒಳ್ಳೆಯ ಮಾತು, ಪರೀಕ್ಷೆ ಮಾಡಿಕೊಂಡೇ ಹೋಗೋಣ, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ದಾರಿಯಲ್ಲೇ ಇದೆಯಲ್ಲ ಎಂದ. ಡಾಕ್ಟರು ಹೇಳಿದ್ದು ದೊಡ್ಡವರಿಗೆ ಎಂದು ಗಿರಿಯಪ್ಪ ಮೆಲ್ಲಗೆ ಅಂದ. ಕೂಸೂ ಜೊತೆಗೇ ನಿಂತರೆ ಎರಡನೆಯ ಸಲ ಬರುವುದು ಉಳಿಯುತ್ತದೆ ಎಂದು ಭರಮವ್ವ ಅವನ ಬಾಯಿ ಮುಚ್ಚಿಸಿದಳು. ಕಾವ್ಯಾ ಗಂಗೂಳನ್ನು ಎದೆಗೆ ಅವುಚಿಕೊಂಡು ಬಸ್ಸು ಹತ್ತಿದಳು. ಬಾಯಿಯಲ್ಲಿ ಒಂದು ಮಾತು ಇತ್ತು. ಮೋಟೆಬೆನ್ನೂರು ಬಂತು, ತಿರುವು ಬಂತು, ಮಾತು ಅಲ್ಲೇ ಇತ್ತು.

ಬ್ಯಾಡಗಿಗೆ ಹೊಸ ಮಾಲು ಬರುವ ದಿನಗಳು. ಊರು ಇನ್ನೂ ದೂರವಿರುವಾಗಲೇ ಬಸ್ಸಿನ ಕಿಟಕಿಗಳು ತಾವಾಗಿ ಎಂಬಂತೆ ಮುಚ್ಚಿಕೊಂಡವು. ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ಖಲಂದರ ನಿಂತಿದ್ದ. ತಲೆಯಿಂದ ಬೆನ್ನಿಗೆ ಒಂದು ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಂಡಿದ್ದ, ಆಗತಾನೆ ಒಳಗಿನಿಂದ ಬಂದವನ ಬೆರಳುಗಳು ಸೆಟೆದಿದ್ದವು. ಅವನು ಮಣ್ಣಿಗೆ ಬಂದಿದ್ದ, ಗುಣಿಗೆ ಮಣ್ಣು ಹಾಕಿ ಯಾರೊಡನೆಯೂ ಮಾತಾಡದೆ ಹೋಗಿದ್ದ. ಈಗ ಎದುರಿಗೆ ನಾಲ್ಕನೆಯ ನಂಬರಿನ ತನ್ನ ಕೋಟನ್ನು ಗೆಳೆಯನ ತಂದೆ ಹಾಕಿಕೊಂಡು ಬಂದದ್ದನ್ನು ನೋಡಿ ಬಾಯಿ ತೆರೆದ. ಆಮೇಲೆ, ಬರ್ರಿ ಕಾಕಾ, ಕುಂದ್ರಿ, ಎಂದಷ್ಟೇ ಅಂದ. ಕಾವ್ಯಾ ಆ ಗೋಣಿಚೀಲವನ್ನು ನೋಡಿದಳು. ಒಂದು ಕೋಟು ಕಡಿಮೆ ಬಿದ್ದಂದಿನಿಂದ ಅವನು ಅದನ್ನೇ ಹೊದ್ದು ಒಳಗೆ ಹೋಗುತ್ತಿದ್ದಾನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಬಂದ ಕಾರಣ ಕೇಳಿ ಖಲಂದರ, ದೊಡ್ಡವರು ಬೇಕಾದರೆ ಒಳಗೆ ನಿಲ್ಲಲಿ, ಕೂಸು ಮಾತ್ರ ಬೇಡ, ಒಳಗೆ ಥಂಡಿಗಿಂತ ಘಾಟು ಕೆಟ್ಟದ್ದು ಎಂದ. ಅಷ್ಟರಲ್ಲಿ ಭರಮವ್ವ ಕಾವ್ಯಾಳ ತೋಳಿನಿಂದ ಗಂಗೂಳನ್ನು ಎತ್ತಿಕೊಂಡು ಸೆರಗು ಹೊದಿಸಿ ಬಾಗಿಲು ದಾಟಿ ಆಗಿತ್ತು. ಕಾವ್ಯಾ ಹಿಂದೆಯೇ ಓಡಿದಳು. ದಪ್ಪ ಬಾಗಿಲು ಮುಚ್ಚಿತು.

ಒಳಗೆ ಮಂದ ದೀಪ, ಸೂರಿನವರೆಗೆ ಚೀಲಗಳು, ಮೂಳೆಗೆ ಇಳಿಯುವ ತಂಪು. ಮೊದಲು ತಿರಕಪ್ಪ ಕೆಮ್ಮಿದ. ಆಮೇಲೆ ಗಿರಿಯಪ್ಪ. ಆಮೇಲೆ ಎಲ್ಲರ ಕಣ್ಣಿನಿಂದಲೂ ನೀರು ಇಳಿಯತೊಡಗಿತು. ಹಿಮದಲ್ಲಿ ಹೀಗೇ ಆಗುವುದೇ ಎಂದು ತಿರಕಪ್ಪ ಕೇಳಿದ. ಹೀಗೇ ಆಗುವುದು ಎಂದು ಗಿರಿಯಪ್ಪ ಒಪ್ಪಿದ. ಇದು ಹಿಮವಲ್ಲ, ಮೆಣಸಿನಕಾಯಿ ಎಂದು ಖಲಂದರ ಹೇಳುತ್ತಲೇ ಇದ್ದ, ಕೆಮ್ಮಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಭರಮವ್ವ ಮಾತ್ರ ಕಣ್ಣೊರೆಸಿಕೊಳ್ಳುತ್ತ ಕಾವ್ಯಾಳ ಮುಖವನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು, ಇಲ್ಲಿಯಾದರೂ ಅಳುತ್ತಾಳೋ ಎಂದು. ಕಾವ್ಯಾಳ ಕಣ್ಣು ಒಣಗಿಯೇ ಇತ್ತು. ಬ್ಯಾಡಗಿಯ ಮೆಣಸಿನಕಾಯಿಗೂ ಆಗದ್ದು ಇನ್ನು ಯಾವುದರಿಂದ ಆದೀತು ಎಂದು ಭರಮವ್ವ ತಲೆಯಾಡಿಸಿದಳು.

ಮೇಲಿನ ಅಟ್ಟದಿಂದ ಚೀಲ ಜಾರಿಸಲು ಇಳಿಜಾರಾಗಿ ಹಾಕಿದ್ದ ಉದ್ದದ ಹಲಗೆ ತಿರಕಪ್ಪನ ಕಣ್ಣಿಗೆ ಬಿತ್ತು. ಅವನ ಮುಖ ಅರಳಿತು. ಇದೇ ಗುಡ್ಡ. ಕೂಸನ್ನು ಜಾರಿಸುವ ಮೊದಲು ಬಲ್ಲವನು ಒಮ್ಮೆ ತೋರಿಸಲಿ ಎಂದು ಗಿರಿಯಪ್ಪನನ್ನು ಏಣಿ ಹತ್ತಿಸಿದ, ಗಂಗೂಳ ಅಂಗಾಲಿನಷ್ಟೇ ಇದ್ದ ಸಾಗವಾನಿ ಹಲಗೆಗಳನ್ನು ಅವನ ದೊಡ್ಡ ಪಾದಗಳಿಗೆ ಸುತಳಿಯಿಂದ ಬಿಗಿಸಿದ. ಮೇಲೆ ನಿಂತು ಕೆಳಗೆ ನೋಡಿದ ಗಿರಿಯಪ್ಪ ಪಕ್ಕದ ಕಂಬ ಹಿಡಿದುಕೊಂಡ.

"ಕಾಕಾ, ನಾ ಮನಾಲಿ ನೋಡೇ ಇಲ್ರಿ. ಆ ಫೋಟೋ ಹುಬ್ಬಳ್ಳಿ ಎಕ್ಸಿಬಿಶನ್‌ದಾಗ ತಗಸಿದ್ದು. ಅದು ಹಿಮ ಅಲ್ರಿ, ಥರ್ಮಾಕೋಲ್."

ಸತ್ಯ ಹೇಳಿದ ಮೇಲೆ ಇಳಿಯಲು ಬಿಡುತ್ತಾರೆಂದು ಅವನು ತಿಳಿದಿದ್ದ. ಆದರೆ ಹೇಳುವ ಭರದಲ್ಲಿ ಕೈ ಮುಗಿದಿದ್ದರಿಂದ ಹಿಡಿದುಕೊಂಡಿದ್ದ ಕಂಬ ಬಿಟ್ಟುಹೋಗಿತ್ತು. ಬ್ಯಾಡಗಿಯ ಚರಿತ್ರೆಯಲ್ಲಿ ಮೊದಲ ಸ್ಕೀಯಿಂಗ್ ಆಗ ನಡೆಯಿತು. ಮುಗಿದ ಕೈಯಲ್ಲೇ ಗಿರಿಯಪ್ಪ ಕೆಳಗಿಳಿದು, ಚೀಲಗಳ ಸಾಲಿಗೆ ಹೊಕ್ಕ. ಒಂದು ಚೀಲ ಒಡೆದು ಕೆಂಪು ಧೂಳು ಎದ್ದಿತು.

ಎಲ್ಲರೂ ಒಟ್ಟಿಗೆ ಕೆಮ್ಮಿದರು. ಗಂಗೂ ಒಂದು ಸಲ ಕೆಮ್ಮಿದಳು, ಅಳಲು ಬಾಯಿ ತೆರೆದಳು, ದನಿ ಬರಲಿಲ್ಲ.

"ಕೂಸು ಕೊಡ್ರಿ," ಎಂದಳು ಕಾವ್ಯಾ.

ಭರಮವ್ವ ಕಣ್ಣು ಮುಚ್ಚಿಕೊಂಡೇ ಕೂಸನ್ನು ಇನ್ನಷ್ಟು ಬಿಗಿ ಹಿಡಿದಳು. ಸ್ವಲ್ಪ ತಾಳು, ರೂಢಿಯಾಗಲಿ, ಅಲ್ಲಿ ಇದಕ್ಕಿಂತ ಹೆಚ್ಚಿರುತ್ತದೆ ಎಂದು ಕೆಮ್ಮುಗಳ ನಡುವೆ ಹೇಳಿದಳು.

"ಕೊಡ್ರಿ ಅಂದ್ನಿ."

ಅದು ಹೂಂ ಆಗಿರಲಿಲ್ಲ. ತಿರಕಪ್ಪ ಕೆಮ್ಮು ನಿಲ್ಲಿಸಿ ತಿರುಗಿದ. ಭರಮವ್ವನ ಕೈ ತಾನಾಗಿ ಸಡಿಲವಾಯಿತು. ಖಲಂದರ ಓಡಿ ಬಾಗಿಲು ನೂಕಿ ಹಿಡಿದ. ಕಾವ್ಯಾ ಮಗಳ ಮುಖವನ್ನು ಸೆರಗಿನಿಂದ ಮುಚ್ಚಿಕೊಂಡು ಬಿಸಿಲಿಗೆ ಬಂದು, ನೀರಿನಿಂದ ಅವಳ ಮೂಗು ಬಾಯಿ ಒರೆಸಿ, ಬೆನ್ನು ತಟ್ಟಿದಳು. ತಟ್ಟಿದಳು. ಗಂಗೂ ಉಸಿರೆಳೆದು, ಅಂಗಳದಲ್ಲಿ ಚೀಲ ಹೊಲಿಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಅತ್ತಳು. ಕಾವ್ಯಾ ತೂಕದ ಕಟ್ಟೆಯ ಮೇಲೆ ಕುಳಿತು ಅವಳನ್ನು ಸೆರಗಿನೊಳಗೆ ತೆಗೆದುಕೊಂಡಳು. ಅಳು ನಿಂತಿತು.

ಒಬ್ಬೊಬ್ಬರಾಗಿ ಹೊರಗೆ ಬಂದರು. ಗಿರಿಯಪ್ಪ ಕಾಲಿನ ಹಲಗೆ ಸಮೇತ ಬಂದು, ಯಾರ ಮುಖವನ್ನೂ ನೋಡದೆ ಸುತಳಿ ಬಿಚ್ಚುತ್ತ ಕುಳಿತ. ಹಿಮ ಕಂಡವನೇ ಕಂಡಿಲ್ಲವೆಂದ ಮೇಲೆ ತಿರಕಪ್ಪನ ಉತ್ಸಾಹ ಅರ್ಧ ಇಳಿದಿತ್ತು. ಭರಮವ್ವನದು ಇಳಿದಿರಲಿಲ್ಲ. ಫೋಟೋ ಸುಳ್ಳಿರಬಹುದು, ಕಾಗೆ ಇಳಿದದ್ದು ಸುಳ್ಳಲ್ಲ ಎಂದಳು. ಮಾತು ಕೊಟ್ಟಾಗಿದೆ, ನಡೆಸದಿದ್ದರೆ ಕಲ್ಲೇಶನ ಜೀವ ಎಲ್ಲೆಲ್ಲಿ ಅಲೆದೀತು, ಅದರ ಪಾಪ ಯಾರಿಗೆ ಎಂದು ಕಾವ್ಯಾಳನ್ನೇ ನೋಡಿ ಕೇಳಿದಳು. ಕಲ್ಲೇಶನನ್ನು ಎತ್ತಿ ಆಡಿಸಿದವಳು ಅವಳೇ.

ಬಾಯಲ್ಲಿದ್ದ ಮಾತನ್ನು ಕಾವ್ಯಾ ಆಗ ಆಡಿದಳು.

"ಅತ್ತಿಯಾರ, ಕಾಗಿ ಇಳದದ್ದು ನಿಮ್ಮ ಮಾತಿಗಲ್ಲ. ನನ್ನ ಮಾತಿಗೆ."

"ನೀ ಏನಂದಿದ್ದಿ?"

"ಕೋಟ್ ವಾಪಸ್ ಕೊಡ್ತೇನಿ ಅಂದಿದ್ನಿ."

ಇತಿಹಾಸ ಓದಿದವಳಿಗೆ ತನ್ನ ವಾದದಲ್ಲಿ ದಾಖಲೆ ಇಲ್ಲವೆಂಬುದು ಚೆನ್ನಾಗಿ ಗೊತ್ತಿತ್ತು. ಎದುರಿನವರ ಬಳಿಯೂ ಇರಲಿಲ್ಲ, ಅದೊಂದು ಅನುಕೂಲ. ತಿರಕಪ್ಪ ತನ್ನ ಮೈಮೇಲಿನ ಕೋಟನ್ನು ನೋಡಿಕೊಂಡ. ಆಮೇಲೆ ಖಲಂದರನ ಬೆನ್ನಿನ ಗೋಣಿಚೀಲವನ್ನು ನೋಡಿದ. ಇಷ್ಟು ಹೊತ್ತು ಅದು ಕಣ್ಣ ಮುಂದೆಯೇ ಇದ್ದರೂ ಅವನು ಅದನ್ನು ನೋಡಿದ್ದು ಆಗಲೇ. ಅವಸರದಿಂದ ಗುಂಡಿ ಬಿಚ್ಚತೊಡಗಿದ.

ಭರಮವ್ವ ಸುಲಭಕ್ಕೆ ಒಪ್ಪುವವಳಲ್ಲ. ಬಾಯಿಮಾತಿಗೆ ನಂಬಿಕೆ ಏನು, ಹಾಗಾದರೆ ಇಲ್ಲೇ ಕೇಳೋಣ ಎಂದಳು. ಬುತ್ತಿಯ ಗಂಟು ಬಿಚ್ಚಿ ಅರ್ಧ ಜೋಳದ ರೊಟ್ಟಿ ತೆಗೆದು ಕಂಪೌಂಡಿನ ಗೋಡೆಯ ಮೇಲಿಟ್ಟಳು. ಎದುರಿನ ಶೆಡ್ಡಿನ ತಗಡಿನ ಮೇಲೆ ಒಂದು ಕಾಗೆ ಇತ್ತು. ಕೋಟು ಕೊಟ್ಟ ಮೇಲೆ ಅದು ರೊಟ್ಟಿ ಮುಟ್ಟಿದರೆ ಸರಿ, ಮುಟ್ಟದಿದ್ದರೆ ಅಮಾವಾಸ್ಯೆಯೊಳಗೆ ಮನಾಲಿ. ಇದು ಅವಳ ಷರತ್ತು. ಚೀಲ ಹೊಲಿಯುವವರೂ ದಬ್ಬಣ ಹಿಡಿದು ನಿಂತರು. ಕಾಗೆ ಎಲ್ಲರನ್ನೂ ನೋಡಿತು, ರೊಟ್ಟಿಯನ್ನು ನೋಡಿತು, ಕಾಲು ಬದಲಿಸಿತು.

ಕಾವ್ಯಾ ಗಂಗೂಳನ್ನು ಸೊಂಟಕ್ಕೆ ಹಾಕಿಕೊಂಡು ಎದ್ದಳು. ಮಾವನ ಕೈಯಿಂದ ಕೋಟು ತೆಗೆದುಕೊಂಡು ಒಮ್ಮೆ ಝಾಡಿಸಿದಳು. ಮಗುಚಿಕೊಂಡಿದ್ದ ಕಾಲರನ್ನು ಸರಿ ಮಾಡಿದಳು, ತೋಳುಗಳನ್ನು ಒಳಕ್ಕೆ ಮಡಚಿದಳು. ಗಂಗೂ ಬಗ್ಗಿ ತೋಳನ್ನು ಹಿಡಿದುಕೊಂಡಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೋಟನ್ನು ಖಲಂದರನ ಮುಂದೆ ಹಿಡಿದಳು.

ಖಲಂದರ ಕೈ ಚಾಚಲಿಲ್ಲ.

"ಇರಲಿ, ವೈನಿ. ಕಲ್ಲೇಶನ ಮೈಮ್ಯಾಲ ಇದ್ದದ್ದು. ಮನ್ಯಾಗ ಇರಲಿ."

"ಎಂಟ ದಿನಕ್ಕಂತ ತಂದಿದ್ರು, ಖಲಂದರಣ್ಣ. ಭಾಳ ದಿನ ಆತು. ಹಾಕ್ಕೊಳ್ರಿ, ಒಳಗ ಥಂಡಿ ಐತಿ."

ಅವನು ಗೋಣಿಚೀಲ ತೆಗೆದು ಕೆಳಗೆ ಹಾಕಿದ. ಕೋಟು ತೊಟ್ಟು, ತಿರುಗಿ ಬಾಗಿಲ ಕಡೆ ನಡೆದ. ನೀಲಿ ಬೆನ್ನಿನ ಮೇಲೆ ಬಿಳಿಯ ನಾಲ್ಕು ಬಿಸಿಲಲ್ಲಿ ಅಂಗಳ ದಾಟಿತು.

ಗಂಗೂ ಕೈ ಎತ್ತಿದಳು. ಬೆರಳು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ, ಬಾಗಿಲು ಹಾಕಿಕೊಳ್ಳುವ ತನಕ ಟಾಟಾ ಮಾಡಿದಳು.

ಭರಮವ್ವ ಕೂಸಿನ ಕೈಯನ್ನೇ ನೋಡುತ್ತಿದ್ದಳು. ತಿರಕಪ್ಪನೂ, ಕಾಲಿಗೆ ಇನ್ನೂ ಒಂದು ಹಲಗೆ ಇದ್ದ ಗಿರಿಯಪ್ಪನೂ ಅದನ್ನೇ ನೋಡುತ್ತಿದ್ದರು. ಗೋಡೆಯ ಮೇಲಿನ ರೊಟ್ಟಿ ಏನಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ, ಷರತ್ತು ಹಾಕಿದ ಭರಮವ್ವನೂ ಕೇಳಲಿಲ್ಲ.